ನಿಚ್ಚಣಿಕೆಯ ಫೈಲು

ಮೊನ್ನೆ ಅಂಗಡಿಯೊಂದರಲ್ಲಿ ಸಾಲಾಗಿ ಒರಗಿಸಿಟ್ಟಿದ್ದ ಅಲ್ಯೂಮಿನಿಯಂ ನಿಚ್ಚಣಿಕೆಗಳ ಮುಂದೆ ನಿಂತಿದ್ದೆ. ನನಗೆ ಗೊತ್ತಾಗುವ ಮೊದಲೇ ನನ್ನ ಕೈ ಮೇಲೆದ್ದು ಬೆರಳಿನ ಗೆಣ್ಣಿನಿಂದ ಒಂದರ ಕಾಲನ್ನು ಬಡಿಯಿತು. ಠಣ್ ಎಂದಿತು. ಎರಡನೆಯದನ್ನೂ ಬಡಿದೆ. ಮೂರನೆಯದಕ್ಕೆ ಕಿವಿಯನ್ನೂ ಹಚ್ಚಿದೆ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಮಾಲೀಕರು ಕನ್ನಡಕವನ್ನು ಹಣೆಗೇರಿಸಿ, "ಸರ, ಅದು ಕಲ್ಲಂಗಡಿ ಅಲ್ರೀ," ಎಂದರು.

ನಾಚಿಕೆಯಾಗಿ ಕೈ ಕಿಸೆಗೆ ಹಾಕಿಕೊಂಡೆ. ಎಪ್ಪತ್ತು ದಾಟಿದ ಮನುಷ್ಯ ನಿಚ್ಚಣಿಕೆ ಕೊಳ್ಳಲು ಬಂದದ್ದೇ ಅವರಿಗೆ ವಿಚಿತ್ರವಾಗಿ ಕಂಡಿರಬೇಕು. ಆದರೆ ನನಗೆ ಕಾರಣವಿತ್ತು. ಹಿಂದಿನ ವಾರ ನಮ್ಮ ಪಕ್ಕದ ಮನೆಯವರು ನನ್ನ ಮೊಬೈಲಿಗೆ ಒಂದು ಫೋಟೋ ಕಳಿಸಿದ್ದರು. ನಮ್ಮ ಮೆಹಂದಿ ಬೇಲಿ ಅವರ ಕಾರಿನ ಮೇಲೆ ಬಾಗಿ ನಿಂತಿರುವ ಫೋಟೋ. ಕೆಳಗೆ ಒಂದಕ್ಷರವಿಲ್ಲ, ಬರೀ ಕೈ ಮುಗಿದ ಚಿತ್ರ. ಅವರ ಮನೆಗೂ ನಮ್ಮ ಮನೆಗೂ ನಡುವೆ ಹನ್ನೆರಡು ಹೆಜ್ಜೆ ಇದೆ. ಅವರು ಬಂದು ಎರಡು ವರ್ಷವಾಯಿತು, ಹೆಸರು ಪಾಟೀಲ ಎಂದು ಗೇಟಿನ ಫಲಕ ಓದಿ ತಿಳಿದುಕೊಂಡಿದ್ದೇನೆ. ನಾನೂ ಮೊಬೈಲಿನಲ್ಲೇ ಒಂದು ಹೆಬ್ಬೆರಳು ಕಳಿಸಿ, ಆಮೇಲೆ ಎರಡು ದಿನ ಒಳಗೊಳಗೇ ಕುದಿದೆ. ಯಾರ ಹಂಗೂ ಬೇಡ, ನನ್ನದೇ ನಿಚ್ಚಣಿಕೆ ತಂದು ನಾನೇ ಹತ್ತಿ ಕತ್ತರಿಸುತ್ತೇನೆ ಎಂದು ಮನೆಯಲ್ಲಿ ಘೋಷಣೆಯನ್ನೂ ಮಾಡಿದೆ. ಹೆಂಡತಿ ನನ್ನ ಮುಖ ನೋಡಿ, "ಮಾವನವರ ಮಾತು ಕೇಳಿಧಂಗ ಆತು," ಎಂದಳು.

ಅವಳು ಹೇಳಿದ್ದು ಸುಳ್ಳಲ್ಲ. ಬಡಿದು ನೋಡುವ ಚಾಳಿಯೂ ಅಪ್ಪನದೇ. ಅಪ್ಪ ಕೊಳ್ಳುವ ಪ್ರತಿಯೊಂದನ್ನೂ ಬಡಿದು ನೋಡುತ್ತಿದ್ದ. ಕೊಡ, ಕುರ್ಚಿ, ತೆಂಗಿನಕಾಯಿ, ಒಮ್ಮೆ ನನಗೆ ನೋಡಿದ ಹೆಣ್ಣಿನ ಮನೆಯ ಗೋಡೆ. ಬಡಿದಾದ ಮೇಲೆ ಏನು ತಿಳಿಯುತ್ತಿತ್ತೋ ದೇವರಿಗೇ ಗೊತ್ತು, ಆದರೆ "ಹೂಂ" ಎಂದು ತಲೆಯಾಡಿಸುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಬೆಳಗಾವಿಯ ಒಂದು ಸರ್ಕಾರಿ ಕಚೇರಿಯಲ್ಲಿ ಅವನು ಹೆಡ್ ಕ್ಲಾರ್ಕ್. ಕಚೇರಿಯಲ್ಲಿ ಯಾವುದನ್ನು ಎಷ್ಟು ನಿಧಾನವಾಗಿ ಮಾಡುತ್ತಿದ್ದನೋ ಮನೆಯಲ್ಲೂ ಅಷ್ಟೇ ನಿಧಾನವಾಗಿ ಮಾಡುತ್ತಿದ್ದ, ಆ ವಿಷಯದಲ್ಲಿ ಭೇದಭಾವವಿರಲಿಲ್ಲ. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಅವನು ಒಂದು ನಿಚ್ಚಣಿಕೆ ಕೊಳ್ಳಲು ಮೂರು ವರ್ಷ ತೆಗೆದುಕೊಂಡ. ಅದಕ್ಕೊಂದು ಫೈಲನ್ನೂ ತೆರೆದಿದ್ದ. ಕಂದು ರಟ್ಟು, ಕೆಂಪು ಲಾಡಿ, ಮೇಲೆ ದುಂಡಗಿನ ಅಕ್ಷರದಲ್ಲಿ 'ನಿಚ್ಚಣಿಕೆ'.

ಫೈಲು ಯಾಕೆ ಹುಟ್ಟಿತು ಎಂದು ಹೇಳಬೇಕಾದರೆ ಸುಭೇದಾರ ಜಾಧವರನ್ನು ನಿಮಗೆ ಪರಿಚಯಿಸಬೇಕು. ನಾವಿರುವ ನೆಹರು ನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಪ್ಲಾಟುಗಳೇ ಹೆಚ್ಚು. ನಮ್ಮ ಪಕ್ಕದ, ಈಗ ಪಾಟೀಲರಿರುವ ಪ್ಲಾಟಿನಲ್ಲಿ ಮನೆ ಕಟ್ಟಿಸಿದವರು ಸೈನ್ಯದಿಂದ ನಿವೃತ್ತರಾದ ಈ ಸುಭೇದಾರರು. ಮನೆಮಾತು ಮರಾಠಿ, ನಮ್ಮೊಡನೆ ಕನ್ನಡ, ಸಿಟ್ಟು ಬಂದಾಗ ಹಿಂದಿ. ಟೋಪಿ ಇಲ್ಲದೆ ಅಂಗಳಕ್ಕೂ ಇಳಿಯದ ಮನುಷ್ಯ. ಎರಡೂ ಮನೆಗಳ ನಡುವೆ ಗೋಡೆ ಏಳಬೇಕಾದ ದಿನ ಅವರೇ ಬಂದು, "ರಾವಸಾಹೇಬ್ರ, ಗ್ವಾಡಿ ಯಾಕ? ಮೆಹಂದಿ ಹಚ್ಚೂಣು. ಮಾರಿ ಕಾಣಬೇಕ ನೋಡ್ರಿ," ಎಂದರು. ಗುಮಾಸ್ತೆಯನ್ನು ರಾವಸಾಹೇಬರೆಂದು ಕರೆಯುತ್ತಿದ್ದುದು ಜಗತ್ತಿನಲ್ಲಿ ಅವರೊಬ್ಬರೇ. ಅಪ್ಪ ಉಬ್ಬಿಹೋಗಿ ಒಪ್ಪಿಕೊಂಡ.

ಬೇಲಿಗೆ ಒಂದು ಕಾನೂನೂ ಆಯಿತು. ಅವರ ಬದಿಯನ್ನು ಅವರು ಕತ್ತರಿಸಬೇಕು, ನಮ್ಮ ಬದಿಯನ್ನು ನಾವು. ಬೇಲಿಯ ತಲೆ ಮಾತ್ರ ಇಬ್ಬರದೂ. ಅದನ್ನು ಎದೆಯ ಮಟ್ಟಕ್ಕೆ ಇಟ್ಟಿದ್ದರು. ಬೆಳಿಗ್ಗೆ ಅಪ್ಪ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಬೇಲಿಯ ಬಳಿ ಬಂದರೆ ಆ ಬದಿಯಲ್ಲಿ ಟೋಪಿ ಹಾಜರಿರುತ್ತಿತ್ತು. ನಮ್ಮ ಕನ್ನಡ ಪೇಪರು ಬೇಲಿಯ ಮೇಲಿಂದ ಆ ಕಡೆ ಹೋಗುತ್ತಿತ್ತು, ಅವರ ಮರಾಠಿ ಪೇಪರು ಈ ಕಡೆ ಬರುತ್ತಿತ್ತು. ಗಡಿಯ ಬಗ್ಗೆ ಎರಡೂ ಪೇಪರುಗಳು ಎರಡು ಬೇರೆ ಸುದ್ದಿ ಕೊಡುತ್ತಿದ್ದವು. ಇಬ್ಬರೂ ಎರಡನ್ನೂ ಓದಿ, ಎರಡನ್ನೂ ಬೈದು, ಸಮಾಧಾನದಿಂದ ಸ್ನಾನಕ್ಕೋ ಆಫೀಸಿಗೋ ಹೋಗುತ್ತಿದ್ದರು. ನಮ್ಮಂಗಳದ ಮಾವಿನ ಗಿಡದ ಕೊಂಬೆ ಸವರುವುದಿದ್ದಾಗ ಸುಭೇದಾರರ ನಿಚ್ಚಣಿಕೆ ಬರುತ್ತಿತ್ತು. ಅದರ ಹಿಂದೆ ಸುಭೇದಾರರೂ ಬರುತ್ತಿದ್ದರು. ಅಪ್ಪ ಮೇಲೆ, ಅವರು ಕೆಳಗೆ. ಕೆಳಗಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಎರಡೂ ಕೈಯಿಂದ ಬಿಗಿಯಾಗಿ ಹಿಡಿದು, ಪ್ರತಿ ಸಲವೂ, "ಸಾವಕಾಶ ಏರ್ರಿ ರಾವಸಾಹೇಬ್ರ, ನಾ ಅದೀನಿ ಕೆಳಗ," ಎನ್ನುತ್ತಿದ್ದರು.

ಇಂಥ ಸ್ನೇಹ ಒಡೆಯಲು ದೊಡ್ಡ ಕಾರಣ ಬೇಕೆಂದು ನೀವು ಅಂದುಕೊಂಡಿದ್ದರೆ ನೀವು ಇನ್ನೂ ಅಕ್ಕಪಕ್ಕದವರೊಡನೆ ಬದುಕಿಲ್ಲ. ಒಂದು ಮಳೆಗಾಲದಲ್ಲಿ ಅಪ್ಪ ಅವರ ನಿಚ್ಚಣಿಕೆಯನ್ನು ಕೆಸರು ಮೆತ್ತಿಕೊಂಡಿದ್ದ ಹಾಗೆಯೇ ಮರಳಿಸಿದ. ಸುಭೇದಾರರು ಅಪ್ಪನ ಎದುರಿಗೇ ಅರಿವೆ ತಂದು ಒಂದೊಂದು ಮೆಟ್ಟಿಲನ್ನೂ ಬಂದೂಕು ಒರೆಸಿದ ಹಾಗೆ ಒರೆಸಿದರು. ಒರೆಸುತ್ತ, "ರಾವಸಾಹೇಬ್ರ, ಸರ್ಕಾರಿ ನೌಕರಿ ಐತಿ, ತಮ್ಮದೂ ಒಂದು ತಗೊಳ್ರಲಾ," ಎಂದರು.

"ತಗೋತೇನ್ರಿ. ನಿಮ್ಮದಕ್ಕಿಂತ ಚೊಲೊದು ತಗೋತೇನಿ," ಎಂದ ಅಪ್ಪ.

ಅಷ್ಟೇ. ಮರುದಿನ ಪೇಪರು ಬೇಲಿ ದಾಟಲಿಲ್ಲ.

ಬೇಲಿಗೆ ಇದೆಲ್ಲ ಗೊತ್ತಿರಲಿಲ್ಲ, ಅದು ಬೆಳೆಯಿತು. ತಲೆ ಇಬ್ಬರದೂ ಆದ್ದರಿಂದ ಒಬ್ಬರು ಮುಟ್ಟಿದರೆ ಸೋತ ಹಾಗೆ. ಒಂದು ವರ್ಷಕ್ಕೆ ಟೋಪಿ ಮಾತ್ರ ಕಾಣುತ್ತಿತ್ತು, ಮರುವರ್ಷ ಟೋಪಿಯೂ ಮುಳುಗಿತು. ಅಪ್ಪ ಕಟ್ಟೆಯ ಮೇಲೆ ಕುಳಿತು ಪೇಪರನ್ನು ಗಟ್ಟಿಯಾಗಿ ಓದತೊಡಗಿದ. ಮೊದಲೆಲ್ಲ ಮನಸ್ಸಿನಲ್ಲೇ ಓದುತ್ತಿದ್ದವನು ಈಗ ಬೇಲಿಯ ಕಡೆ ಮುಖ ಮಾಡಿ ಮುಖ್ಯ ಸುದ್ದಿಗಳನ್ನು ಎರಡೆರಡು ಸಲ ಓದುತ್ತಿದ್ದ. ಆ ಬದಿಯಿಂದ ಮರಾಠಿ ರೇಡಿಯೋ ವಾರ್ತೆಯ ಸದ್ದು ದಿನದಿನಕ್ಕೂ ಏರಿತು. ನಡುವೆ ಕುಳಿತು ಅಕ್ಕಿ ಆರಿಸುತ್ತಿದ್ದ ಅವ್ವ ಒಂದು ದಿನ ಮೊರ ಕುಕ್ಕಿ, "ನಿಮಗ ನಿಚ್ಚಣಿಕಿ ಬೇಕಾಗಿಲ್ಲ, ಸುಭೇದಾರ್ರು ಬೇಕಾಗ್ಯಾರ. ಹೋಗಿ ಕರದು ಬರ್ರಲಾ," ಎಂದಳು. ಅಪ್ಪ ಎದ್ದುಹೋಗಿ ಫೈಲು ತೆರೆದ. ಅವ್ವ ಹೇಳಿದ್ದನ್ನು ಬರೆದುಕೊಳ್ಳಲು ಅದರಲ್ಲಿ ಕಾಲಂ ಇರಲಿಲ್ಲ.

ಏನೇನು ಕಾಲಂ ಇದ್ದವೆಂದರೆ ಬೇಲಿಯ ಎತ್ತರ, ಮಾವಿನ ಕೆಳಕೊಂಬೆಯ ಎತ್ತರ, ಮನೆಯ ಬಾಜುವಿನ ಸಂದಿಯ ಅಗಲ, ಮಳೆಗಾಲದ ನೆಲ, ಬೇಸಗೆಯ ನೆಲ, ತೂಕ. ಕೊನೆಯಲ್ಲಿ ಷರಾ. ಪ್ರತಿ ಭಾನುವಾರ ಪೇಟೆಗೆ ಹೋಗಿ ಒಂದಿಷ್ಟು ನಿಚ್ಚಣಿಕೆ ಬಡಿದು ಬರುತ್ತಿದ್ದ. ಆಗ ನಾನು ಬ್ಯಾಂಕಿನಲ್ಲಿ ಹೊಸದಾಗಿ ಸೇರಿದ್ದೆ. ಇಪ್ಪತ್ತನಾಲ್ಕರ ತರುಣ, ಅಪ್ಪನ ಹಿಂದೆ ಅಳತೆಯ ಟೇಪು ಹಿಡಿದು ತಿರುಗುವುದು ನನ್ನ ಘನತೆಗೆ ಸಲ್ಲದೆಂದು ತಿಳಿದಿದ್ದೆ, ಆದರೂ ತಿರುಗುತ್ತಿದ್ದೆ. ಬಣ್ಣ ಹಚ್ಚುವವರ ನಾಲ್ಕು ಕಾಲಿನ ಕಟ್ಟಿಗೆಯ ಘೋಡಾ ನೋಡಿದೆವು. ಅದು ತನ್ನಷ್ಟಕ್ಕೆ ತಾನೇ ನಿಲ್ಲುತ್ತದೆ, ಆದರೆ ಕಲ್ಲು ಹಾಸಿದ ಫರಸಿಯ ಮೇಲೆ ಮಾತ್ರ. ಬೇಲಿಯ ಬುಡದ ಮೆತ್ತನೆಯ ಮಣ್ಣಿನಲ್ಲಿ ಅದರ ಮೂರು ಕಾಲು ನೆಲ ಕಂಡರೆ ನಾಲ್ಕನೆಯದು ಗಾಳಿಯಲ್ಲಿರುತ್ತದೆ ಎಂದು ಅಪ್ಪ ಬರೆದ. ಕಬ್ಬಿಣದ ಪೈಪಿನದು ನೋಡಿದೆವು. ಅಪ್ಪ ಅದನ್ನು ಅಂಗಡಿಯಲ್ಲೇ ತುದಿಯವರೆಗೆ ಹತ್ತಿ, ಮೇಲಿನಿಂದಲೇ ಅಂಗಡಿಕಾರನಿಗೆ ಪ್ರಶ್ನೆ ಕೇಳಿದ. 'ಗಟ್ಟಿ. ಹೊರಲು ಇಬ್ಬರು ಬೇಕು, ಬೈದುಕೊಳ್ಳಲು ಮೂರನೆಯವ,' ಎಂದು ಷರಾ ಬಿತ್ತು. ಹೀಗೆ ಒಳ್ಳೆಯದನ್ನು ಹುಡುಕುತ್ತ ಹುಡುಕುತ್ತ ಎರಡು ಮಳೆಗಾಲ ಕಳೆದವು.

ಕೊನೆಗೆ ಕಚೇರಿಯ ಜವಾನ, ಖಾನಾಪುರದ ಕಡೆಯವನು, "ಸಾಹೇಬ್ರ, ಬಿದಿರಿಂದು ತರ್ರಿ. ಒಬ್ಬಾಂವ ಹೆಗಲ ಮ್ಯಾಲ ಒಗಕೊಂಡು ಹೋಗಬಹುದು," ಎಂದ. ಒಂದು ಸಂತೆಯ ದಿನ ಅಪ್ಪನೂ ನಾನೂ ಖಾನಾಪುರಕ್ಕೆ ಹೋದೆವು. ಬುಟ್ಟಿ, ಮೊರ, ಚಾಪೆಗಳ ನಡುವೆ ತುಳಸವ್ವ ಎಂಬ ಮುದುಕಿ ಕುಳಿತಿದ್ದಳು. ಬಾಯಲ್ಲಿ ಎಲೆಯಡಿಕೆ, ಕೈಯಲ್ಲಿ ಬಿದಿರು ಸೀಳುವ ಕತ್ತಿ. ಮೊದಲು ಮರಾಠಿಯಲ್ಲಿ ಏನು ಬೇಕೆಂದಳು, ನಮ್ಮಿಬ್ಬರ ಗುಸುಗುಸು ಕೇಳಿ ಕನ್ನಡಕ್ಕೆ ಇಳಿದಳು. ಅಪ್ಪ ಅಭ್ಯಾಸದಂತೆ ಬಿದಿರನ್ನು ಬಡಿದ.

"ಅದನ್ನ ಬಡದ್ರ ಅದೇನ ಹೇಳತೈತ್ರಿ? ನನ್ನ ಕೇಳ್ರಿ," ಎಂದಳು ತುಳಸವ್ವ.

ಅಪ್ಪ ಫೈಲು ಬಿಚ್ಚಿ ಎಲ್ಲ ಅಳತೆ ಓದಿದ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, ಎಲೆಯಡಿಕೆ ಉಗುಳಿ ಬಂದು, "ಎಲ್ಲಾ ಖರೇ. ಕೆಳಗ ಹಿಡಿಯಾವ್ರು ಯಾರದಾರ?" ಎಂದು ಕೇಳಿದಳು.

ಅಪ್ಪ ಫೈಲಿನ ಹಾಳೆ ತಿರುವಿದ. ಮೂರು ವರ್ಷದಲ್ಲಿ ಆ ಪ್ರಶ್ನೆ ಅವನಿಗೆ ಬಂದಿರಲಿಲ್ಲ. "ನನ್ನ ಮಗ ಅದಾನಲ್ಲ," ಎಂದ ಕೊನೆಗೆ.

ತುಳಸವ್ವ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಕೈಯಲ್ಲಿ ಮಡಿಸಿದ ಛತ್ರಿ. "ಇವರು ಹಿಡಿಯಾವರಂಗ ಕಾಣೂದಿಲ್ಲಪಾ," ಎಂದಳು. "ನಿಚ್ಚಣಿಕಿ ಚೊಲೊದು ಕಟ್ಟಿ ಕೊಡ್ತೇನಿ. ಹಿಡಿಯಾವ್ರನ್ನ ನೀವ ನೋಡಕೋರಿ."

ಅವಮಾನವಾಯಿತು, ಆದರೆ ಅವಳ ಕಣ್ಣು ಸರಿಯಾಗಿಯೇ ಇತ್ತು. ಅಪ್ಪ ಸ್ಟೂಲು ಹತ್ತಿ ಬಲ್ಬು ಬದಲಿಸುವಾಗಲೇ ನಾನು ಅದನ್ನು ಹಿಡಿದುಕೊಂಡು ರಸ್ತೆ ನೋಡುತ್ತಿದ್ದವನು.

ಎರಡು ವಾರದ ಗಡುವು ಕೊಟ್ಟಳು. ಅಷ್ಟರಲ್ಲಿ ಬೆಳಗಾವಿಯ ಮಳೆ ಅಪ್ಪನನ್ನು ಹಿಡಿಯಿತು. ಹತ್ತು ದಿನ ಜ್ವರ, ಕೆಮ್ಮು, ಡಾಕ್ಟರರ ಸ್ಕೂಟರು ಎರಡು ಸಲ ನಮ್ಮ ಗೇಟಿನ ಮುಂದೆ ನಿಂತಿತು. ಪೇಪರಿನ ಓದು ನಿಂತುಹೋಯಿತು. ವಿಚಿತ್ರವೆಂದರೆ ಆ ಬದಿಯ ರೇಡಿಯೋ ಕೂಡ ನಿಂತಿತು. ನಾನು ಅದನ್ನು ಆಗ ಗಮನಿಸಲಿಲ್ಲ, ಅವ್ವ ಗಮನಿಸಿದ್ದಳು.

ಗಡುವಿನ ದಿನ ನಿಚ್ಚಣಿಕೆ ತರಲು ನಾನೂ ಬ್ಯಾಂಕಿನ ಗೆಳೆಯ ಬಸವರಾಜನೂ ಹೋದೆವು. ಅಪ್ಪ ಹಾಸಿಗೆಯಿಂದಲೇ ಸೂಚನೆ ಕೊಟ್ಟಿದ್ದ. ಹೊಸದಾಗಿ ಎಣ್ಣೆ ಹಚ್ಚಿದ ಬಿದಿರು, ಮಳೆ ತಾಗಬಾರದು, ನನ್ನ ಹಳೆಯ ಧೋತರ ಸುತ್ತಿ ತಾ. ಧೋತರ ಬಿಳಿಯದು. ತುಳಸವ್ವ ಅದನ್ನು ಸುತ್ತಿ, ನಾಲ್ಕು ಕಡೆ ಹಗ್ಗ ಬಿಗಿದು, ಹೊಸ ಸಾಮಾನು ಹಂಗೇ ಬರಿದಾಗಿ ಮನೆಗೆ ಹೋಗಬಾರದೆಂದು ಮೇಲೊಂದು ಚೆಂಡು ಹೂವಿನ ಸರ ಹಾಕಿ ಕುಂಕುಮ ಎರಚಿದಳು. ಬಸ್ಸಿನ ಮೇಲೆ ಕಟ್ಟಿಸಿ ಹೊರಟೆವು. ದೇಸೂರಿನಲ್ಲಿ ಬಸ್ಸು ನಿಂತಾಗ ಹಗ್ಗ ಸಡಿಲಾಗಿದೆಯೇ ಎಂದು ಇಳಿದು ನೋಡಲು ಹೋಗಿ ಕೆಸರಿನಲ್ಲಿ ಚಪ್ಪಲಿಯ ಉಂಗುಷ್ಠ ಕಿತ್ತಿತು. ಎರಡನ್ನೂ ಅಲ್ಲೇ ಬಿಟ್ಟೆ. ಬೆಳಗಾವಿಯಲ್ಲಿ ಇಳಿದಾಗ ಸಣ್ಣ ಜಿಟಿಜಿಟಿ. ಜವಾನ ಹೇಳಿದ ಆ 'ಒಬ್ಬಾಂವ' ನಾನಾಗಿರಲಿಲ್ಲ. ಆದ್ದರಿಂದ ಮುಂದೆ ನಾನು, ಹಿಂದೆ ಬಸವರಾಜ, ಹೆಗಲ ಮೇಲೆ ಹೊತ್ತು ನಡೆದೆವು.

ಈಗ ನೀವೇ ನೋಡಿ. ಬಿದಿರಿನ ಚೌಕಟ್ಟು, ಬಿಳಿ ಬಟ್ಟೆ, ಚೆಂಡು ಹೂವು, ಕುಂಕುಮ. ಮುಂದೆ ಬರಿಗಾಲಿನ, ಬರಿದಲೆಯ, ನೆನೆದು ತೊಪ್ಪೆಯಾದ, ಮುಖ ಗಂಟಿಕ್ಕಿಕೊಂಡ ಮಗ. ನನಗೆ ಏನೂ ಹೊಳೆಯಲಿಲ್ಲ. ಹೊಳೆಯದಿರಲು ಕಾರಣವೂ ಇತ್ತು. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಕುಳ್ಳಿರಿಸಿ ಒಯ್ಯುತ್ತಾರೆ, ಚಟ್ಟ ನಮ್ಮ ಮನೆಯ ಸಾಮಾನಲ್ಲ. ಬಸವರಾಜನೂ ನಮ್ಮವನೇ. ಎದುರು ಬಂದವನೊಬ್ಬ ಸೈಕಲ್ಲಿನಿಂದ ಇಳಿದು ನಿಂತ. ದರ್ಜಿಯೊಬ್ಬ ತನ್ನ ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿದ. ಹೆಂಗಸೊಬ್ಬಳು ಸೆರಗು ಹೊದ್ದು ಗೋಡೆಯ ಕಡೆ ಸರಿದಳು. ಒಂದು ನಿಚ್ಚಣಿಕೆಗೆ ಈ ಊರಿನಲ್ಲಿ ಇಷ್ಟು ಮರ್ಯಾದೆಯೇ ಎಂದು ನನಗೆ ಹೆಮ್ಮೆಯೂ ಆಯಿತು.

ಗೇಟು ದೂಡಿ ಒಳಗೆ ಬಂದು ಅಂಗಳದಲ್ಲಿ ಅದನ್ನು ಇಳಿಸಿದ್ದೆವಷ್ಟೆ. ರಸ್ತೆಯಲ್ಲಿ ಕಾಲಿನ ಸಪ್ಪಳವಾಯಿತು. ಸುಭೇದಾರರು ಓಡಿ ಬರುತ್ತಿದ್ದರು. ಮೈಮೇಲೆ ಬನಿಯನ್ನು, ತಲೆಯ ಮೇಲೆ ಟೋಪಿ ಇಲ್ಲ. ಅವರ ತಲೆ ಪೂರ್ತಿ ಬೋಳೆಂದು ನಾನು ನೋಡಿದ್ದು ಆವತ್ತೇ. ಮೂರು ವರ್ಷ ದಾಟದಿದ್ದ ಗೇಟನ್ನು ದಾಟಿ, ನನ್ನ ಹೆಗಲನ್ನೊಮ್ಮೆ ಗಟ್ಟಿಯಾಗಿ ಹಿಡಿದು ಒಳಗೆ ನುಗ್ಗಿದರು. ನಾನೂ ಹಿಂದೆಯೇ ಹೋದೆ.

ಅಪ್ಪ ನಡುಮನೆಯ ಆರಾಮಕುರ್ಚಿಯಲ್ಲಿ ಕಂಬಳಿ ಹೊದ್ದು ಕಷಾಯ ಕುಡಿಯುತ್ತಿದ್ದ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಪ್ಪನೇ ಮೊದಲು ಬಾಯಿ ಬಿಟ್ಟ. "ಏನ್ರೀ ಸುಭೇದಾರ್ರ, ಟೋಪಿ ಎಲ್ಲೈತಿ?"

ಸುಭೇದಾರರು ಬಾಗಿಲಿನಲ್ಲೇ ಕುಸಿದು ಕುಳಿತು ಅತ್ತರು. ದೊಡ್ಡ ಮನುಷ್ಯ, ಎರಡು ಯುದ್ಧ ನೋಡಿದವರು, ಸಣ್ಣ ಮಗುವಿನಂತೆ ಅತ್ತರು. ಅಪ್ಪ ಗಾಬರಿಯಾಗಿ ಕಿಟಕಿಯಿಂದ ಅಂಗಳದತ್ತ ನೋಡಿದ. ಬಿಳಿ ಬಟ್ಟೆ, ಹೂವು. ಅವನಿಗೆ ಅರ್ಥವಾಯಿತು. ನನಗೂ ಆಗಲೇ ಅರ್ಥವಾದದ್ದು.

"ಅದು ನಿಚ್ಚಣಿಕಿರೀ," ಎಂದ ಅಪ್ಪ ಮೆಲ್ಲಗೆ. ಆಮೇಲೆ ಅವನೊಳಗಿನ ಹೆಡ್ ಕ್ಲಾರ್ಕ್ ಎದ್ದು ಕುಳಿತ. "ಅಲ್ರೀ, ನಮ್ಮಲ್ಲೆ ಮಲಗಿಸಿ ಒಯ್ಯೂದಿಲ್ಲ, ಕುಂದರಿಸಿ ಒಯ್ತಾರ. ಇಷ್ಟು ವರ್ಷ ಬಾಜೂಕ ಇದ್ದೂ ನಿಮಗ ಗೊತ್ತಿಲ್ಲೇನು?"

"ಗೊತ್ತೈತ್ರಿ, ಎಲ್ಲಾ ಗೊತ್ತೈತಿ," ಎಂದರು ಸುಭೇದಾರರು ಬನಿಯನ್ನಿನಿಂದ ಕಣ್ಣೊರೆಸುತ್ತ. "ಆ ಹೊತ್ತಿನ್ಯಾಗ ಯಾವುದು ನೆನಪಾಗತೈತ್ರಿ?"

ಅವ್ವ ಚಹಾ ತಂದಳು. ಅತ್ತದ್ದಕ್ಕೆ ನಾಚಿಕೆಯಾದಾಗ ಗಂಡಸರಿಗೆ ಬರುವ ಸಿಟ್ಟು ಸುಭೇದಾರರಿಗೂ ಬಂತು. "ಒಂದು ನಿಚ್ಚಣಿಕಿ ತರಾಕ ಮೂರು ವರ್ಷ ಬೇಕೇನ್ರಿ?"

"ನಿಮ್ಮ ಹಂತೇಕ ನಿಚ್ಚಣಿಕಿ ಇತ್ತಲ್ಲ, ನೀವ್ಯಾಕ ಬೇಲಿ ಕತ್ತರಸಲಿಲ್ಲ?"

ಸುಭೇದಾರರು ಬಸಿಯಲ್ಲಿದ್ದ ಚಹಾ ನೋಡುತ್ತ, "ನಂದು ಒರಲಿ ಹುಳ ತಿಂದು ಎರಡು ವರ್ಷ ಆತ್ರಿ. ನೀವು ತರ್ತೀರಿ, ಒಂದೀಟು ಇಸ್ಕೋಬೇಕಂತ ದಾರಿ ಕಾಯಾಕತ್ತಿದ್ದೆ," ಎಂದರು.

ಅಪ್ಪ ಚೇತರಿಸಿಕೊಂಡ ಮೇಲೆ ಬೇಲಿಯ ತಲೆ ಇಳಿಯಿತು. ನಿಚ್ಚಣಿಕೆ ಹಿಡಿಯಲು ನಾನು ತೋಳು ಮಡಿಸಿಕೊಂಡು ಬಂದೆ. ಸುಭೇದಾರರು ನನ್ನನ್ನು ಎಲೆ ಗುಡಿಸಲು ಕಳಿಸಿದರು. ಕೆಳಮೆಟ್ಟಿಲ ಮೇಲೆ ಕಾಲಿಟ್ಟು ತಾವೇ ನಿಂತರು. ಅಪ್ಪ ಪ್ರತಿ ಕೊಂಬೆಯನ್ನೂ ಕತ್ತರಿಸುವ ಮೊದಲು ಮೇಲಿನಿಂದ ಅಭಿಪ್ರಾಯ ಕೇಳುತ್ತಿದ್ದ, ಅವರು ಕೆಳಗಿನಿಂದ ಬೈಯುತ್ತಿದ್ದರು. ಬೇಲಿಯ ಬುಡದಲ್ಲಿ ಒಂದು ಕಡೆ ಸಂದಿ ಮಾಡಿ ನಿಚ್ಚಣಿಕೆಯನ್ನು ಅಲ್ಲಿ ಮಲಗಿಸಿಟ್ಟರು. ಅರ್ಧ ನಮ್ಮ ಬದಿಗೆ, ಅರ್ಧ ಅವರ ಬದಿಗೆ. ಸಂಜೆ ಅಪ್ಪ ಫೈಲು ತೆರೆದು ಷರಾ ಕಾಲಮ್ಮಿನಲ್ಲಿ ಬರೆದ: 'ಕೆಳಗೆ ಹಿಡಿಯುವವರು, ಜಾಧವ.' ಲಾಡಿ ಕಟ್ಟಿ ಕಪಾಟಿನಲ್ಲಿಟ್ಟ. ಆ ಫೈಲು ಈಗ ನನ್ನ ಹತ್ತಿರವಿದೆ.

ಆರೇಳು ವರ್ಷದ ನಂತರ, ಎಂಬತ್ತರ ದಶಕದ ನಡುವಿನಲ್ಲಿ, ಅಪ್ಪ ನಿಜಕ್ಕೂ ತೀರಿಕೊಂಡ. ಜ್ವರವಿಲ್ಲ, ಕೆಮ್ಮಿಲ್ಲ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ. ಯಾವುದನ್ನೂ ಅಷ್ಟು ಬೇಗ ಮಾಡಿ ಮುಗಿಸಿದವನಲ್ಲ ಅವನು. ಅಂಗಳದಲ್ಲಿ ಕಟ್ಟಿಗೆಯ ಕುರ್ಚಿ ಕಟ್ಟಿದರು, ಬಾಳೆಯ ಕಂಬ, ಹೂವು. ಅಪ್ಪನನ್ನು ಅದರಲ್ಲಿ ಕುಳ್ಳಿರಿಸಬೇಕು. ನೆಲ ಏರುತಗ್ಗು, ಕುರ್ಚಿ ಅಲುಗಾಡುತ್ತಿತ್ತು. ಯಾರಾದರೂ ಕೆಳಗೆ ಗಟ್ಟಿ ಹಿಡೀರಿ ಎಂದು ಒಬ್ಬರು ಕೂಗಿದರು. ನಾನು ಮುಂದೆ ಬರುವಷ್ಟರಲ್ಲಿ ಗುಂಪು ಸರಿಸಿಕೊಂಡು ಸುಭೇದಾರರು ಬಂದರು. ಎಪ್ಪತ್ತರ ಮುದುಕರು, ಟೋಪಿ ಇತ್ತು. ಕೆಳಗಿನ ಅಡ್ಡಪಟ್ಟಿಯ ಮೇಲೆ ಒಂದು ಕಾಲಿಟ್ಟು, ಎರಡೂ ಕೈಯಿಂದ ಕುರ್ಚಿಯ ಕಾಲು ಹಿಡಿದು, ನಾವು ಅಪ್ಪನನ್ನು ಮೇಲೆತ್ತುತ್ತಿದ್ದಾಗ ಅವನ ಮುಖ ನೋಡಿ ಹೇಳಿದರು:

"ಸಾವಕಾಶ ಏರ್ರಿ ರಾವಸಾಹೇಬ್ರ. ನಾ ಅದೀನಿ ಕೆಳಗ."

ನಾನು ಅಲ್ಲಿಯವರೆಗೆ ಅತ್ತಿರಲಿಲ್ಲ.

ಮೊನ್ನೆ ಆ ಅಂಗಡಿಯ ಮಾಲೀಕರು ಮಡಚುವ ಅಲ್ಯೂಮಿನಿಯಂ ಒಂದನ್ನು ಬಿಚ್ಚಿ ನಿಲ್ಲಿಸಿ ತೋರಿಸುತ್ತಿದ್ದರು. "ಇದನ್ನ ಒಯ್ರಿ ಸರ. ತಾನ ನಿಂದರತೈತಿ, ಹಿಡಿಯಾವ್ರು ಯಾರೂ ಬ್ಯಾಡ." ನಿಚ್ಚಣಿಕೆ ಹೊಗಳಲು ಅವರಿಗೆ ಅದಕ್ಕಿಂತ ದೊಡ್ಡ ಮಾತು ಸಿಕ್ಕಿರಲಿಕ್ಕಿಲ್ಲ. ಒಂಟಿಯಾಗಿ ಇರುವವರು ಹೆಚ್ಚಾದ ಈ ಕಾಲಕ್ಕೆ ಒಳ್ಳೆಯ ಸಾಮಾನೇ. ನಾನು ಗೋಡೆಗೆ ಒರಗಿಸಿದ್ದ ಸಾದಾ ನಿಚ್ಚಣಿಕೆಯನ್ನು ತೋರಿಸಿ ಅದನ್ನೇ ಕೊಡಿ ಎಂದೆ. ಅವರು ನನ್ನ ವಯಸ್ಸನ್ನು ಲೆಕ್ಕ ಹಾಕಿದಂತೆ ನೋಡಿ, ಬೇಡವೆಂದು ಎರಡು ಸಲ ಹೇಳಿ, ಟೆಂಪೋದಲ್ಲಿ ಹಾಕಿಸಿಕೊಟ್ಟರು.

ಮನೆಯ ಮುಂದೆ ಇಳಿಸಿಕೊಂಡವನು ನಮ್ಮ ಗೇಟಿಗೆ ಹೋಗದೆ ಆ ಹನ್ನೆರಡು ಹೆಜ್ಜೆ ನಡೆದು ಪಾಟೀಲರ ಗಂಟೆ ಒತ್ತಿದೆ. ಅವರು ಬಾಗಿಲು ತೆರೆದು, ನನ್ನನ್ನೂ ನಿಚ್ಚಣಿಕೆಯನ್ನೂ ನೋಡಿ ಸಂಕೋಚಪಟ್ಟು, "ಅಂಕಲ್, ಆ ಫೋಟೋ... ನಾ ಹಂಗ ಕಳಸಬಾರದಿತ್ರಿ," ಎಂದರು.

"ಅದಿರ್ಲಿ. ಬೇಲಿ ಸವರಬೇಕು. ನಾ ಹತ್ತತೇನಿ, ನೀವು ಒಂದ್ಹತ್ತು ಮಿನಿಟ ಹಿಡೀತೀರೇನು?"

"ಏ, ಈ ವಯಸ್ಸಿನ್ಯಾಗ ನೀವ್ಯಾಕ ಹತ್ತತೀರ್ರೀ? ಕತ್ತರಿ ಕೊಡ್ರಿ ಇಲ್ಲೆ. ನಾ ಹತ್ತತೇನಿ, ನೀವು ಹಿಡೀರಿ."

ಕತ್ತರಿ ಕೊಟ್ಟೆ. ಅವರು ಚಪ್ಪಲಿ ಕಳಚಿ ಹತ್ತತೊಡಗಿದರು. ಕೆಳಗಿನ ಮೆಟ್ಟಿಲ ಮೇಲೆ ಕಾಲಿಟ್ಟೆ, ಎರಡೂ ಕೈಯಿಂದ ಹಿಡಿದೆ. ರಸ್ತೆಯಲ್ಲಿ ಯಾರೋ ಹೋದರು, ನಾನು ಆ ಕಡೆ ನೋಡಲಿಲ್ಲ. ಮೆಹಂದಿಯ ಹಸಿ ಎಲೆಗಳು ನನ್ನ ತಲೆಯ ಮೇಲೆ, ಹೆಗಲ ಮೇಲೆ ಉದುರತೊಡಗಿದವು.

"ಅಂಕಲ್, ಹಿಡದೀರಿಲ್ಲೋ?" ಎಂದು ಮೇಲಿನಿಂದ ಕೇಳಿದರು ಪಾಟೀಲರು.

"ಹಿಡದೇನ್ರಿ," ಎಂದೆ.